ಉಂಡ ಸೋಲು ಅರಗುವ ಬಗೆ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ತಮ್ಮನ ಮಗ ನಮ್ಮ ಮನೆಯಲ್ಲಿದ್ದ. ಹದಿನೈದರ ಹುಡುಗ, ಹತ್ತನೇ ತರಗತಿಗೆ ಕಾಲಿಡುವವನು. ತಮ್ಮ ದಮ್ಮಾಮಿನಲ್ಲಿ ಕೆಲಸ ಮಾಡುತ್ತಾನೆ. ಓವರ್‌ಟೈಮ್ ಮಾಡಿ ಉಳಿಸಿದ ದುಡ್ಡಿನಲ್ಲಿ ಮಗನಿಗೊಂದು ಒಳ್ಳೆಯ ಮೊಬೈಲು ಕಳಿಸಿದ್ದ. ಒಂದು ರಾತ್ರಿ ಇಶಾ ನಮಾಜು ಮುಗಿಸಿ ಬಂದು ನಾನು ಊಟಕ್ಕೆ ಕೂರುವ ಹೊತ್ತಿಗೆ ಒಳಕೋಣೆಯಲ್ಲಿ ಗೋಡೆಗೆ ಏನೋ ಅಪ್ಪಳಿಸಿದ ಸದ್ದಾಯಿತು. ಹೋಗಿ ನೋಡಿದರೆ ಮೊಬೈಲು ನೆಲದ ಮೇಲೆ ಬಿದ್ದಿದೆ, ಗಾಜಿನ ತುಂಬಾ ಜೇಡರ ಬಲೆಯಂಥ ಬಿರುಕು. ಹುಡುಗ ಮಂಚದ ಅಂಚಿನಲ್ಲಿ ಕೂತು ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದ, ಅದು ಬೇರೆ ಯಾರದೋ ಕೈ ಎಂಬಂತೆ.

"ಬಡೇ ಅಬ್ಬಾ, ಬೇಕಂತ ಎಸೆದಿದ್ದಲ್ಲ. ಒಂದರ ಹಿಂದೊಂದು ಏಳು ಮ್ಯಾಚು ಸೋತೆ. ಟಿಲ್ಟ್ ಆಗ್ಬಿಟ್ಟೆ. ಅಬ್ಬಾಗೆ ಹೇಳಬೇಡಿ" ಎಂದ.

ಬೈಯಲೆಂದು ತೆರೆದ ನನ್ನ ಬಾಯಿ ಆ ಒಂದು ಶಬ್ದಕ್ಕೆ ನಿಂತುಹೋಯಿತು. ಟಿಲ್ಟ್ ಎಂದರೆ ವಾಲುವುದು, ಓರೆಯಾಗುವುದು ಎಂಬಷ್ಟು ಇಂಗ್ಲಿಷು ನನಗೂ ಗೊತ್ತು. ಮನುಷ್ಯ ಟಿಲ್ಟ್ ಆಗುವುದೆಂದರೆ ಏನು? ಹುಡುಗನೇ ವಿವರಿಸಿದ. ಆಟದಲ್ಲಿ ಸೋತ ಸಿಟ್ಟಿಗೆ ತಲೆ ಕೆಟ್ಟು, ಆ ಕೆಟ್ಟ ತಲೆಯಲ್ಲೇ ಮತ್ತೆ ಆಡಿ, ಇನ್ನಷ್ಟು ಸೋತು, ಇನ್ನಷ್ಟು ಸಿಟ್ಟಾಗುವ ಸುಳಿಗೆ ಆಡುವವರ ಲೋಕದಲ್ಲಿ ಇಟ್ಟ ಹೆಸರದು. ಬೈಯುವುದಕ್ಕೆ ನನಗೆ ಇನ್ನೊಂದು ತೊಡಕೂ ಇತ್ತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಈ ಶಬ್ದದ ಕತೆ.

1930ರ ದಶಕದ ಆರಂಭ. ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದ ಜನ ಒಂದು ಸಣ್ಣ ನಾಣ್ಯ ಹಾಕಿ ಹೊತ್ತು ಕಳೆಯುವ ಪಿನ್‌ಬಾಲ್ ಯಂತ್ರಗಳು ಹೋಟೆಲು, ಅಂಗಡಿಗಳಿಗೆ ಬಂದವು. ಇಳಿಜಾರಾದ ಹಲಗೆ, ಅದರ ಮೇಲೆ ಮೊಳೆಗಳು ಮತ್ತು ಕುಳಿಗಳು. ಗುಂಡನ್ನು ಚಿಮ್ಮಿ ಬಿಟ್ಟರೆ ಅದು ಮೊಳೆಗಳಿಗೆ ತಾಕುತ್ತಾ ಉರುಳಿ ಯಾವುದೋ ಕುಳಿಗೆ ಬೀಳುತ್ತದೆ. ಗುಂಡನ್ನು ತಡೆದು ಮತ್ತೆ ಮೇಲಕ್ಕೆ ಹೊಡೆಯುವ ರೆಕ್ಕೆಗಳು ಆಗಿನ್ನೂ ಇರಲಿಲ್ಲ, ಅವು ಬಂದದ್ದು 1947ರಲ್ಲಿ. ಹಾಗಾಗಿ ಚಿಮ್ಮಿದ ಮೇಲೆ ಆಡುವವನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಗುಂಡು ತಪ್ಪು ದಾರಿ ಹಿಡಿದರೆ ಅವನು ಯಂತ್ರವನ್ನೇ ಹಿಡಿದು ಅಲುಗಾಡಿಸುತ್ತಿದ್ದ, ಗುದ್ದುತ್ತಿದ್ದ, ಎತ್ತಿ ಕುಕ್ಕುತ್ತಿದ್ದ.

ಹ್ಯಾರಿ ವಿಲಿಯಮ್ಸ್ ಎಂಬ ಯಂತ್ರ ತಯಾರಕ ಇದಕ್ಕೊಂದು ಉಪಾಯ ಹೂಡಿದ. ಅವನ ಉಪಾಯ ಬೆಳೆದು ಕೊನೆಗೆ ನಿಂತ ರೂಪ ಇದು: ಯಂತ್ರದ ಒಳಗೆ ಒಂದು ಲೋಹದ ಬಳೆ, ಅದರ ನಡುವೆ ನೇತಾಡುವ ತೂಗುಗುಂಡು. ಯಂತ್ರ ಮಿತಿಮೀರಿ ಅಲುಗಿದರೆ ತೂಗುಗುಂಡು ಬಳೆಗೆ ತಾಕುತ್ತದೆ, ವಿದ್ಯುತ್ತು ಹರಿಯುತ್ತದೆ, 'ಟಿಲ್ಟ್' ಎಂಬ ದೀಪ ಹೊತ್ತಿಕೊಳ್ಳುತ್ತದೆ. ಅಲ್ಲಿಗೆ ಆ ಸರದಿ ಮುಗಿಯಿತು, ಗುಂಡು ಕೈಬಿಟ್ಟುಹೋಯಿತು. ಯಂತ್ರವನ್ನು ಬೈದು, ಬೇಡಿ ಪ್ರಯೋಜನವಿಲ್ಲ. ಈ ಏರ್ಪಾಡಿನಲ್ಲಿ ನನಗೆ ಹಿಡಿಸಿದ ಸಂಗತಿ ಬೇರೆಯೇ ಇದೆ. ಬಳೆಗೂ ತೂಗುಗುಂಡಿಗೂ ನಡುವೆ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಯಂತ್ರವನ್ನು ಮೆಲ್ಲಗೆ ಒಂದು ಸಲ ತಳ್ಳಬಹುದು, ಅಷ್ಟಕ್ಕೆ ದೀಪ ಹೊತ್ತುವುದಿಲ್ಲ. ನುರಿತ ಆಟಗಾರನಿಗೆ ಈ ಅಂತರ ಎಷ್ಟೆಂದು ಅಂಗೈಗೆ ಗೊತ್ತಿರುತ್ತದೆ.

ಪಿನ್‌ಬಾಲಿನಿಂದ ಈ ಶಬ್ದ ಇಸ್ಪೀಟಿನ ಪೋಕರ್ ಆಟಕ್ಕೆ ಹೋಯಿತು. ಕಳೆದುಕೊಂಡದ್ದನ್ನು ಈಗಲೇ ಗೆದ್ದುಬಿಡುತ್ತೇನೆಂದು ಬುದ್ಧಿಗೆಟ್ಟು ಆಡುವವನನ್ನು 'ಟಿಲ್ಟ್ ಆಗಿದ್ದಾನೆ' ಎಂದರು. ಅಲ್ಲಿಂದ ಅದು ವಿಡಿಯೋ ಗೇಮಿಗೆ ಬಂದು, ಕೊನೆಗೆ ನಮ್ಮ ಮನೆಯ ಒಳಕೋಣೆಗೂ ಬಂತು. ಯಂತ್ರದ ಮೇಲಿದ್ದ ದೀಪ ಈಗ ಮನುಷ್ಯನೊಳಗೆ ಹೊತ್ತಿಕೊಳ್ಳುತ್ತಿದೆ.

ಶಬ್ದ ಹೊಸದಾದರೂ ಅದು ಹೇಳುವ ಅವಸ್ಥೆ ಪುರಾತನವಾದದ್ದು. ಮಹಾಭಾರತದ ಸಭಾಪರ್ವದಲ್ಲಿ ಧರ್ಮರಾಯ ಒಂದೊಂದೇ ಪಣ ಸೋಲುತ್ತಾ ಹೋದಂತೆ ಅವನ ಆಟ ನಿಧಾನವಾಗಲಿಲ್ಲ, ಪಣ ದೊಡ್ಡದಾಯಿತು. ಸಂಪತ್ತು, ರಾಜ್ಯ, ತಮ್ಮಂದಿರು, ತಾನು, ಕಡೆಗೆ ದ್ರೌಪದಿ. ಧೃತರಾಷ್ಟ್ರ ಎಲ್ಲವನ್ನೂ ಹಿಂತಿರುಗಿಸಿ ಕಳಿಸಿದ ಮೇಲೂ ಇನ್ನೊಂದು ಆಟಕ್ಕೆ ಕರೆ ಬಂದಾಗ ಅವನು ಅರ್ಧ ದಾರಿಯಿಂದ ತಿರುಗಿ ಬಂದ. 'ಇನ್ನೊಂದೇ ಒಂದು ಮ್ಯಾಚು' ಎನ್ನುವ ಮಕ್ಕಳನ್ನು ಗದರಿಸುವ ನಾವು ಈ ಪ್ರಸಂಗವನ್ನು ಇನ್ನೊಮ್ಮೆ ಓದಬೇಕು. ಧರ್ಮವನ್ನೇ ಹೆಸರಿನಲ್ಲಿ ಇಟ್ಟುಕೊಂಡವನಿಗೂ ನಿಲ್ಲಿಸುವುದು ಸುಲಭವಾಗಿರಲಿಲ್ಲ.

ಚದುರಂಗದ ಹುಟ್ಟಿನ ಬಗ್ಗೆ ಫಿರ್ದೌಸಿ ತನ್ನ 'ಶಾಹನಾಮೆ'ಯಲ್ಲಿ ಒಂದು ಕತೆ ಹೇಳುತ್ತಾನೆ. ಆ ಕಾವ್ಯ ಮುಗಿದದ್ದು 1010ರಲ್ಲಿ. ಹಿಂದ್ ದೇಶದಲ್ಲಿ ಗವ್ ಮತ್ತು ತಲ್ಹಂದ್ ಎಂಬ ಇಬ್ಬರು, ಒಬ್ಬಳೇ ತಾಯಿಯ ಮಕ್ಕಳು, ಸಿಂಹಾಸನಕ್ಕಾಗಿ ಯುದ್ಧ ಹೂಡುತ್ತಾರೆ. ಸೈನ್ಯವೆಲ್ಲ ನಾಶವಾಗಿ ಸುತ್ತುವರಿಯಲ್ಪಟ್ಟ ತಲ್ಹಂದ್, ಮೈಮೇಲೆ ಒಂದು ಗಾಯವೂ ಇಲ್ಲದೆ ಆನೆಯ ಮೇಲೆಯೇ ಸತ್ತುಹೋಗುತ್ತಾನೆ. ತಾಯಿ ನಂಬುವುದಿಲ್ಲ, ನೀನೇ ಕೊಂದೆ ಎಂದು ಗವ್‌ನ ಮೇಲೆ ಸಿಟ್ಟಾಗುತ್ತಾಳೆ. ಆಗ ಪಂಡಿತರು ಕೂಡಿ ಒಂದು ಹಲಗೆ, ಒಂದಿಷ್ಟು ಕಾಯಿಗಳನ್ನು ಮಾಡಿ, ಯಾರೂ ಮುಟ್ಟದೆಯೇ ರಾಜನೊಬ್ಬ ಹೇಗೆ ಸೋಲುತ್ತಾನೆಂದು ಆ ತಾಯಿಗೆ ತೋರಿಸುತ್ತಾರೆ. ಇದು ಚರಿತ್ರೆಯಲ್ಲ, ಕತೆ. ಆದರೆ ಆಟವೊಂದು ಹುಟ್ಟಿದ್ದೇ ಸೋಲನ್ನು ಅರ್ಥಮಾಡಿಸಲಿಕ್ಕೆ, ಸಿಟ್ಟಾದವರ ಎದುರು ಕೂತು ನಡೆಗಳನ್ನು ಒಂದೊಂದಾಗಿ ವಿವರಿಸಲಿಕ್ಕೆ ಎಂದು ಭಾವಿಸಿದ ಜನರ ಮನಸ್ಸು ಅದರಲ್ಲಿದೆ.

ಆ ಆಟದ 'ಶಹ್ ಮಾತ್'ನಿಂದಲೇ ಉರ್ದುವಿಗೆ 'ಮಾತ್ ಖಾನಾ' ಎಂಬ ನುಡಿಗಟ್ಟು ಬಂತು. ಮಾತನ್ನು, ಅಂದರೆ ಸೋಲನ್ನು, ತಿನ್ನುವುದು. ಕನ್ನಡದಲ್ಲೂ ನಾವು 'ಸೋಲುಂಡ' ಎನ್ನುತ್ತೇವೆ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಓದಿ ಬೆಳೆದ ನನಗೆ ಈ ಎರಡು ಭಾಷೆಗಳೂ ಸೋಲನ್ನು ಊಟದ ಸಾಲಿಗೆ ಸೇರಿಸಿದ್ದು ಆಶ್ಚರ್ಯವೆನಿಸುತ್ತದೆ. ಉಂಡದ್ದು ಅರಗಬೇಕು. ಅರಗಲು ಹೊತ್ತು ಬೇಕು. ಅರಗುವ ಮೊದಲೇ ಮತ್ತೆ ಉಂಡರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು.

ಹಿಂದಿನವರು ಈ ಹೊತ್ತನ್ನು ನಾನಾ ರೀತಿಯಲ್ಲಿ ಕಲ್ಪಿಸಿದ್ದರು. ಅಕ್ಬರನ ಆಸ್ಥಾನದ ಚೌಪರ್ ಆಟದ ಬಗ್ಗೆ ಅಬುಲ್ ಫಜಲ್ 'ಐನೆ ಅಕ್ಬರಿ'ಯಲ್ಲಿ ಬರೆದಿದ್ದಾನೆ. ಕೆಲವೊಮ್ಮೆ ಇನ್ನೂರಕ್ಕೂ ಹೆಚ್ಚು ಜನ ಆಡಲು ಕೂರುತ್ತಿದ್ದರಂತೆ. 16 ಆಟ ಮುಗಿಯದೆ ಯಾರೂ ಮನೆಗೆ ಹೋಗುವಂತಿಲ್ಲ, ಕೆಲವು ಸಲ ಅದು ಮೂರು ತಿಂಗಳವರೆಗೂ ಎಳೆದದ್ದುಂಟು. ತಾಳ್ಮೆ ಕಳೆದುಕೊಂಡು ಚಡಪಡಿಸಿದವನು ಒಂದು ಬಟ್ಟಲು ಮದ್ಯ ಕುಡಿಯಬೇಕೆಂಬುದು ದಂಡ. ಈ ದಂಡದ ವಿಧಾನವನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಆದರೆ ಮೇಲ್ನೋಟಕ್ಕೆ ಇದು ಆಟವಾದರೂ ಬಾದಶಹ ಇದರಲ್ಲಿ ಮನುಷ್ಯರ ಗುಣವನ್ನು ತೂಗುತ್ತಾನೆ, ಸೌಜನ್ಯ ಕಲಿಸುತ್ತಾನೆ ಎಂಬ ಅರ್ಥದ ಮಾತನ್ನು ಅಬುಲ್ ಫಜಲ್ ಸೇರಿಸಿದ್ದಾನೆ. ಸೋತವನ ಮುಖವನ್ನು ನೋಡುವ ಕಣ್ಣುಗಳು ಅಲ್ಲಿದ್ದವು. ಚಡಪಡಿಕೆ ಎಲ್ಲರೆದುರು ಬಯಲಾಗುತ್ತಿತ್ತು ಮತ್ತು ನಗುವಿನಲ್ಲಿ ಕೊನೆಯಾಗುತ್ತಿತ್ತು.

ಅದಕ್ಕೂ ಬಹಳ ಹಿಂದೆ, ಮದೀನಾದಲ್ಲಿ ನಡೆದ ಪ್ರಸಂಗವೊಂದು ಹದೀಸ್ ಗ್ರಂಥಗಳಲ್ಲಿದೆ. ಪ್ರವಾದಿ ಮುಹಮ್ಮದರ ಬಳಿ ಅಲ್ ಅದ್ಬಾ ಎಂಬ ಹೆಣ್ಣೊಂಟೆಯಿತ್ತು. ಓಟದಲ್ಲಿ ಅದನ್ನು ಯಾವ ಒಂಟೆಯೂ ಸೋಲಿಸಿರಲಿಲ್ಲ. ಒಂದು ದಿನ ಮರುಭೂಮಿಯಿಂದ ಬಂದ ಅಲೆಮಾರಿಯೊಬ್ಬನ ಎಳೆಯ ಒಂಟೆ ಅದನ್ನು ಹಿಂದಿಕ್ಕಿತು. ಸುತ್ತ ನಿಂತಿದ್ದ ಸಂಗಾತಿಗಳಿಗೆ ಇದು ಸಹಿಸಲಾಗದ ಸಂಗತಿಯಾಯಿತು. ಪ್ರವಾದಿಯವರು ಅವರ ಮುಖದ ಮೇಲಿನ ನೋವನ್ನು ಗಮನಿಸಿ, ಲೋಕದಲ್ಲಿ ಮೇಲೇರಿದ ಯಾವುದನ್ನೂ ಅಲ್ಲಾಹನು ಒಮ್ಮೆ ಕೆಳಗಿಳಿಸದೆ ಬಿಡುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ಸೋತ ಒಂಟೆ ಅವರದೇ, ಸಮಾಧಾನ ಹೇಳಿದವರೂ ಅವರೇ. ಅಲೆಮಾರಿಯ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ.

ಇದೆಲ್ಲ ಇದ್ದೂ ಆಟದ ಸಿಟ್ಟು ರಕ್ತ ಹರಿಸಿದ ಕತೆಗಳೂ ಇವೆ. ಪ್ರೇಮಚಂದರು 1924ರಲ್ಲಿ ಪ್ರಕಟಿಸಿದ 'ಶತ್ರಂಜ್ ಕೇ ಖಿಲಾಡಿ' ಕತೆಯಲ್ಲಿ ಲಖನೌವಿನ ಇಬ್ಬರು ಜಾಗೀರುದಾರರು ಚದುರಂಗದಲ್ಲಿ ಮುಳುಗಿರುತ್ತಾರೆ. 1856ರಲ್ಲಿ ಕಂಪನಿ ಸರಕಾರ ಅವಧ್ ರಾಜ್ಯವನ್ನೇ ನುಂಗಿ ನವಾಬ ವಾಜಿದ್ ಅಲಿ ಶಾಹನನ್ನು ಹಿಡಿದೊಯ್ದರೂ ಅವರ ರಕ್ತ ಕುದಿಯುವುದಿಲ್ಲ. ಹಲಗೆಯ ಮೇಲಿನ ಒಂದು ನಡೆಗೆ ಮಾತು ಬೆಳೆದು, ಕತ್ತಿ ಹಿರಿದು, ಇಬ್ಬರೂ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ಸತ್ಯಜಿತ್ ರಾಯ್ 1977ರ ತಮ್ಮ ಸಿನಿಮಾದಲ್ಲಿ ಅವರನ್ನು ಬದುಕಿಸಿ ಮತ್ತೆ ಆಟಕ್ಕೆ ಕೂರಿಸಿದರು. ಹುಡುಗನಾಗಿದ್ದಾಗ ಈ ಕತೆ ಓದಿದಾಗ ಇದು ಸೋಮಾರಿ ಶ್ರೀಮಂತರ ಕತೆ ಎಂದುಕೊಂಡಿದ್ದೆ. ಈಗ ಅನಿಸುವುದೇ ಬೇರೆ. ದೊಡ್ಡ ಸೋಲುಗಳ ಎದುರು ಮಾಡಲು ಏನೂ ತೋಚದವನ ಸಿಟ್ಟು ಕೈಗೆಟುಕುವ ಸಣ್ಣ ಸೋಲಿನ ಮೇಲೆ ಬಂದು ಬೀಳುತ್ತದೆ. ಮೊಬೈಲು ಎಸೆಯುವ ಮಕ್ಕಳ ಬಗ್ಗೆಯೂ ನಾವು ಇದನ್ನು ಕೇಳಿಕೊಳ್ಳಬೇಕು. ಆ ಏಳು ಮ್ಯಾಚುಗಳ ಆಚೆ ಅವರು ಇನ್ನೇನನ್ನು ಸೋತಿದ್ದಾರೆ?

ನನ್ನ ಬಾಲ್ಯದ ವಿಡಿಯೋ ಗೇಮ್ ಬೇರೆ ರೀತಿಯದು. 1990ರ ದಶಕದಲ್ಲಿ ನಮ್ಮ ಊರಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಶೀಟಿನ ಅಂಗಡಿಯಿತ್ತು, ಅದರೊಳಗೆ ಮೂರೋ ನಾಲ್ಕೋ ಯಂತ್ರಗಳು. ಒಂದು ರೂಪಾಯಿ ನಾಣ್ಯಕ್ಕೆ ಒಂದು ಆಟ. ಜಪಾನಿನ ಕ್ಯಾಪ್ಕಾಮ್ ಕಂಪನಿಯ 'ಸ್ಟ್ರೀಟ್ ಫೈಟರ್ 2' ಎಂಬ ಹೊಡೆದಾಟದ ಆಟ ಬಂದದ್ದು 1991ರಲ್ಲಿ. ಅದರ ನಂತರ ಲೋಕದ ಎಲ್ಲೆಡೆ ಇಂಥ ಅಂಗಡಿಗಳಲ್ಲಿ ಇಬ್ಬರು ಭುಜಕ್ಕೆ ಭುಜ ತಾಗಿಸಿ ನಿಂತು ಆಡುವುದು ರೂಢಿಯಾಯಿತು. ಗೆದ್ದವನು ನಿಲ್ಲುತ್ತಾನೆ, ಸೋತವನು ಹಿಂದೆ ಸರಿಯುತ್ತಾನೆ. ಮತ್ತೆ ಆಡಬೇಕಾದರೆ ಇನ್ನೊಂದು ನಾಣ್ಯ ಬೇಕು, ಸರದಿಯಲ್ಲಿ ನಿಲ್ಲಬೇಕು. ಆ ಸರದಿಯಲ್ಲಿ ನಿಂತಾಗಲೇ ಸಿಟ್ಟು ಇಳಿಯುತ್ತಿತ್ತು, ಗೆದ್ದವನ ಕೈಚಳಕ ಕಣ್ಣಿಗೆ ಬೀಳುತ್ತಿತ್ತು. ಯಂತ್ರಕ್ಕೆ ಗುದ್ದಿದವನನ್ನು ಅಂಗಡಿಯಾತ ಆ ದಿನ ಒಳಗೆ ಬಿಡುತ್ತಿರಲಿಲ್ಲ. ನಮ್ಮ ಬಡತನ ಮತ್ತು ಅವನ ಗದರಿಕೆ ಎರಡೂ ಸೇರಿ ತೂಗುಗುಂಡಿನ ಕೆಲಸ ಮಾಡುತ್ತಿದ್ದವು ಎಂದು ಈಗ ಅರ್ಥವಾಗುತ್ತದೆ.

ಆ ರೂಢಿಯಲ್ಲಿ ಬೆಳೆದವರ ದೊಡ್ಡ ಕೂಟವೊಂದು ಅಮೆರಿಕದಲ್ಲಿ ನಡೆಯುತ್ತದೆ, ಹೆಸರು 'ಇವೊ'. 2004ರಲ್ಲಿ ಕ್ಯಾಲಿಫೋರ್ನಿಯಾದ ಪೊಮೊನಾದಲ್ಲಿ ನಡೆದ ಕೂಟದಲ್ಲಿ ಜಪಾನಿನ ಉಮೆಹಾರಾ ದೈಗೊ ಮತ್ತು ಅಮೆರಿಕದ ಜಸ್ಟಿನ್ ವಾಂಗ್ ಎದುರಾದರು. ದೈಗೊನ ಪಾತ್ರದಲ್ಲಿ ಎಳೆಯಷ್ಟು ಜೀವ ಉಳಿದಿತ್ತು. ವಾಂಗ್ ಬಿಟ್ಟ ಹದಿನೈದು ಏಟುಗಳ ಸರಣಿಯನ್ನು ದೈಗೊ ಒಂದೂ ಬಿಡದೆ ತಡೆದು, ತಿರುಗಿ ಹೊಡೆದು ಆ ಸುತ್ತು ಗೆದ್ದ. ಆ ತುಣುಕನ್ನು ಇಂದಿಗೂ ಜನ ಹಾಕಿಕೊಂಡು ನೋಡುತ್ತಾರೆ. ವಾಂಗ್ ಎಂಬ ಅತ್ಯಂತ ನುರಿತ ಆಟಗಾರ ಎರಡು ದಶಕಗಳಿಂದ ಲೋಕದೆದುರು ಮತ್ತೆ ಮತ್ತೆ ಸೋಲುತ್ತಿದ್ದಾನೆ. ಆದರೂ ಅವನು ಆಟ ಬಿಡಲಿಲ್ಲ, ಮುಂದೆಯೂ ಆಡಿದ, ಗೆದ್ದ. ಆ ತುಣುಕು ತೋರಿಸದ ಸಂಗತಿ ಇನ್ನೊಂದಿದೆ. ಅಂದು ಅಂತಿಮ ಪಂದ್ಯದಲ್ಲಿ ದೈಗೊ ಕೂಡ ಬೇರೊಬ್ಬನಿಗೆ ಸೋತ.

ಎದುರಿಗೆ ಮನುಷ್ಯನೇ ಇಲ್ಲದಿದ್ದರೆ ಏನಾಗುತ್ತದೆ? 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಚದುರಂಗದ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಐಬಿಎಂ ಕಂಪನಿಯ 'ಡೀಪ್ ಬ್ಲೂ' ಕಂಪ್ಯೂಟರಿನೊಂದಿಗೆ ಆರು ಆಟ ಆಡಿದ. ಹಿಂದಿನ ವರ್ಷ ಅವನೇ ಅದನ್ನು ಸೋಲಿಸಿದ್ದ. ಈ ಸಲವೂ ಮೊದಲ ಆಟ ಗೆದ್ದ. ಎರಡನೆಯ ಆಟದಲ್ಲಿ ಯಂತ್ರ ಮನುಷ್ಯನಂತೆ ನಿಧಾನದ, ದೂರಾಲೋಚನೆಯ ನಡೆಗಳನ್ನು ನಡೆಸಿತು. ಕಾಸ್ಪರೋವ್ ಕಂಗೆಟ್ಟ, ಸೋಲೊಪ್ಪಿ ಎದ್ದುಹೋದ. ಆಮೇಲೆ ಪರಿಶೀಲಿಸಿದವರು ಕಂಡುಕೊಂಡದ್ದೇನೆಂದರೆ ಆ ಸ್ಥಿತಿಯಲ್ಲಿ ಆಟವನ್ನು ಡ್ರಾ ಮಾಡಿಕೊಳ್ಳುವ ದಾರಿ ಹಲಗೆಯ ಮೇಲೇ ಇತ್ತು. ಇದನ್ನು ತಿಳಿದ ಮೇಲೆ ಅವನು ಮತ್ತೆ ಸಮಸ್ಥಿತಿಗೆ ಬರಲಿಲ್ಲ. ಮೂರು ಆಟ ಡ್ರಾ ಆದವು. ಮೇ 11ರ ಕೊನೆಯ ಆಟದಲ್ಲಿ ಬರೀ 19 ನಡೆಗಳಿಗೆ ಸೋತ. ಯಂತ್ರದ ಹಿಂದೆ ಮನುಷ್ಯರ ಕೈವಾಡವಿದೆಯೆಂದು ಸಂಶಯಪಟ್ಟ, ಅದರ ದಾಖಲೆಗಳನ್ನು ಕೇಳಿದ. ಎಷ್ಟೋ ವರ್ಷಗಳ ನಂತರ, 2017ರಲ್ಲಿ ಬರೆದ ಪುಸ್ತಕದಲ್ಲಿ ಆ ಪಂದ್ಯವನ್ನು ತಾನೇ ಮತ್ತೆ ಪರಿಶೀಲಿಸಿ ತನ್ನ ಅಂದಿನ ನಡವಳಿಕೆಯ ಬಗ್ಗೆಯೂ ಮೆತ್ತಗಾದ. ಆ ಸೋಲು ಅರಗಲು ಅವನಿಗೆ 20 ವರ್ಷ ಬೇಕಾಯಿತು.

ಇದರ ಪಕ್ಕದಲ್ಲಿ ಕೊರಿಯಾದ ಲೀ ಸೆಡೊಲ್‌ನನ್ನು ಇಡಬೇಕು. 2016ರ ಮಾರ್ಚಿನಲ್ಲಿ ಸೋಲ್ ನಗರದಲ್ಲಿ, 'ಗೋ' ಎಂಬ ಹಲಗೆಯಾಟದಲ್ಲಿ ಅವನು 'ಆಲ್ಫಾಗೋ' ಎಂಬ ಕಂಪ್ಯೂಟರ್ ಪ್ರೋಗ್ರಾಮಿಗೆ ಮೊದಲ ಮೂರು ಆಟಗಳನ್ನೂ ಸೋತ. ಪಂದ್ಯ ಅಲ್ಲಿಗೇ ಕೈಬಿಟ್ಟಿತ್ತು. ಅವನು ಪತ್ರಕರ್ತರೆದುರು ನಿಂತು ಜನರ ಕ್ಷಮೆ ಕೇಳಿದ, ಸೋತದ್ದು ತಾನೇ ಹೊರತು ಮನುಷ್ಯಕುಲವಲ್ಲ ಎಂದ. ನಾಲ್ಕನೆಯ ಆಟದಲ್ಲಿ ಯಾರೂ ಊಹಿಸದ 78ನೆಯ ನಡೆಯಿಟ್ಟು ಗೆದ್ದ. ಕೊನೆಗೆ ಪಂದ್ಯವನ್ನು 4-1ರಿಂದ ಸೋತ. ಗೋ ಆಟದವರಲ್ಲಿ ಒಂದು ಹಳೆಯ ಪದ್ಧತಿಯಿದೆ. ಕೊರಿಯಾದಲ್ಲಿ ಅದನ್ನು 'ಬೊಕ್ಗಿ' ಎನ್ನುತ್ತಾರೆ. ಆಟ ಮುಗಿದ ಮೇಲೆ ಗೆದ್ದವನೂ ಸೋತವನೂ ಎದ್ದುಹೋಗದೆ ಕೂತು, ನಡೆಗಳನ್ನು ಮತ್ತೆ ಇಟ್ಟು ನೋಡುತ್ತಾರೆ. ಇಲ್ಲಿ ನಾನು ಎಡವಿದೆ, ಇಲ್ಲಿ ನನಗೆ ಭಯವಾಗಿತ್ತು ಎಂದು ಮಾತಾಡಿಕೊಳ್ಳುತ್ತಾರೆ. ಫಿರ್ದೌಸಿಯ ಕತೆಯ ಪಂಡಿತರು ಆ ತಾಯಿಗೆ ಮಾಡಿ ತೋರಿಸಿದ್ದೂ ಇದನ್ನೇ. ಯಂತ್ರದ ಜೊತೆ ಬೊಕ್ಗಿ ಮಾಡಲು ಬರುವುದಿಲ್ಲ. ಅದಕ್ಕೆ ಭಯವಾಗಿತ್ತೇ ಎಂದು ಕೇಳುವಂತಿಲ್ಲ.

ಇಂಟರ್ನೆಟ್ ಮೂಲಕ ಆಡುವ ಮಕ್ಕಳ ಪಾಡು ಇವೆರಡರ ನಡುವಿನದು. ಎದುರಿಗಿರುವವನು ಮನುಷ್ಯನೇ, ಆದರೆ ಅವನ ಮುಖ ಕಾಣುವುದಿಲ್ಲ, ಊರು ಗೊತ್ತಿಲ್ಲ, ಹೆಸರೂ ನಿಜವಲ್ಲ. ಸೋತ ಮರುಕ್ಷಣ 'ಮತ್ತೆ ಆಡು' ಎಂಬ ಗುಂಡಿ ತೆರೆಯ ಮೇಲೆ ಮೂಡುತ್ತದೆ. ನಾಣ್ಯ ಬೇಡ, ಸರದಿ ಬೇಡ, ಬಿಡುವೂ ಇಲ್ಲ. ಐದೈದು ಜನ ಅಪರಿಚಿತರು ಎರಡು ತಂಡವಾಗಿ ಆಡುವ 'ಲೀಗ್ ಆಫ್ ಲೆಜೆಂಡ್ಸ್' ಎಂಬ ಆಟ 2009ರಲ್ಲಿ ಬಂತು. ಸೋತವರು ತಮ್ಮ ತಂಡದವರನ್ನೇ ಹೊಲಸು ಮಾತಿನಲ್ಲಿ ಬೈಯುವುದು ಎಷ್ಟು ಹೆಚ್ಚಿತೆಂದರೆ, ಅದನ್ನು ತಯಾರಿಸಿದ ರಯಟ್ ಗೇಮ್ಸ್ ಕಂಪನಿ 2011ರಲ್ಲಿ ಒಂದು ಬಗೆಯ ಪಂಚಾಯಿತಿಯನ್ನೇ ತೆರೆಯಿತು. ದೂರು ಬಂದವರ ಮಾತುಗಳನ್ನು ಇತರ ಆಟಗಾರರೇ ಓದಿ, ಶಿಕ್ಷೆಯೋ ಕ್ಷಮೆಯೋ ಎಂದು ಮತ ಹಾಕುವ ಏರ್ಪಾಡು. ಕೆಲವು ವರ್ಷಗಳಲ್ಲಿ ಅದನ್ನು ಕೈಬಿಟ್ಟು ಬೇರೆ ಕ್ರಮಗಳಿಗೆ ಹೋದರು. ಆದರೆ ಅಕ್ಬರನ ಆಸ್ಥಾನದಲ್ಲಿದ್ದ ಆ ನೋಡುವ ಕಣ್ಣುಗಳನ್ನು ಇಂದಿನ ಕಂಪನಿಯೊಂದು ಮತ್ತೆ ಹುಡುಕಬೇಕಾಯಿತು ಎಂಬುದು ಗಮನಿಸುವಂಥದು.

ಸಿಟ್ಟು ಬಂದಾಗ ಏನನ್ನಾದರೂ ಒಡೆದರೆ ಹಗುರವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಅಮೆರಿಕದ ಮನೋವಿಜ್ಞಾನಿ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 600 ವಿದ್ಯಾರ್ಥಿಗಳಿಗೆ ಸಿಟ್ಟು ಬರಿಸಲಾಯಿತು. ಕೆಲವರು ಸಿಟ್ಟು ಬರಿಸಿದವನನ್ನೇ ನೆನೆಯುತ್ತಾ ಮುಷ್ಟಿಚೀಲಕ್ಕೆ ಗುದ್ದಿದರು, ಇನ್ನು ಕೆಲವರು ಸುಮ್ಮನೆ ಕೂತರು. ಗುದ್ದಿದವರ ಸಿಟ್ಟು ಇಳಿಯಲಿಲ್ಲ, ಏರಿತು. ಸುಮ್ಮನೆ ಕೂತವರದೇ ಕಡಿಮೆಯಿತ್ತು. ನಿಂತಿದ್ದಾಗ ಸಿಟ್ಟು ಬಂದರೆ ಕೂತುಕೊಳ್ಳಿ, ಆಗಲೂ ಹೋಗದಿದ್ದರೆ ಮಲಗಿ ಎಂಬ ಹದೀಸನ್ನು ಮದರಸದಲ್ಲಿ ಕಲಿತಾಗ ನಾವು ಹುಡುಗರು ನಕ್ಕಿದ್ದೆವು.

ಸೋಲನ್ನು ಅರಗಿಸಿಕೊಂಡವರ ಉದಾಹರಣೆಗೆ ಬಹಳ ಹಿಂದೆ ಹೋಗಬೇಕಿಲ್ಲ. 'ಟೆಕ್ಕೆನ್' ಎಂಬ ಹೊಡೆದಾಟದ ವಿಡಿಯೋ ಗೇಮಿನಲ್ಲಿ ಬಹುಕಾಲ ಜಪಾನ್ ಮತ್ತು ಕೊರಿಯಾದವರದೇ ಮೇಲುಗೈ. 2019ರ ಫೆಬ್ರವರಿಯಲ್ಲಿ ಜಪಾನಿನ ಫುಕುವೊಕಾದಲ್ಲಿ ನಡೆದ ಕೂಟಕ್ಕೆ ಲಾಹೋರಿನ ಅರ್ಸಲಾನ್ ಸಿದ್ದೀಕ್ ಎಂಬ ಯುವಕ ವೀಸಾ, ವಿಮಾನಗಳ ತೊಡಕು ದಾಟಿ ಬಂದು ತಲುಪಿ, ಎಲ್ಲರನ್ನೂ ಸೋಲಿಸಿಬಿಟ್ಟ. ಗೆದ್ದ ಮೇಲೆ, ನನ್ನಂಥವರು ನಮ್ಮ ದೇಶದಲ್ಲಿ ಇನ್ನೂ ಇದ್ದಾರೆ ಎಂದ. ಬೇರೆಯವರಾಗಿದ್ದರೆ ಇದನ್ನು ಜಂಬವೆಂದು ತಳ್ಳಿಹಾಕುತ್ತಿದ್ದರೇನೋ. ಕೊರಿಯಾದ ಬೇ ಜೇ-ಮಿನ್, ಈ ಆಟದ ಅತಿ ದೊಡ್ಡ ಹೆಸರುಗಳಲ್ಲೊಬ್ಬ, ಅದನ್ನು ಪರೀಕ್ಷಿಸಿ ನೋಡಲು ಅದೇ ವರ್ಷ ಪಾಕಿಸ್ತಾನಕ್ಕೇ ಹೋದ. ಅಲ್ಲಿನ ಹುಡುಗರ ಜೊತೆ ಕೂತು ಆಡಿದ, ಕಲಿತ. ಆಗಸ್ಟಿನಲ್ಲಿ ಲಾಸ್ ವೇಗಸ್‌ನ 'ಇವೊ' ಅಂತಿಮ ಪಂದ್ಯದಲ್ಲಿ ಅವರಿಬ್ಬರೇ ಎದುರಾದರು. ಗೆದ್ದವನು ಮತ್ತೆ ಅರ್ಸಲಾನನೇ. ಸಿಟ್ಟು ಗೆದ್ದವನಿಗೆ ಆಟ ಗೆಲ್ಲುವ ಬಹುಮಾನ ಸಿಗುತ್ತದೆಂದು ಮಕ್ಕಳಿಗೆ ಸುಳ್ಳು ಹೇಳಬಾರದು. ಆದರೆ ತನ್ನನ್ನು ಸೋಲಿಸಿದವನ ಊರನ್ನು ಹುಡುಕಿಕೊಂಡು ಹೋಗಿ ಕೂತವನು ಆ ಊರಿನಲ್ಲಿ ಗೌರವ ಪಡೆದ, ಅಂತಿಮ ಪಂದ್ಯದವರೆಗೆ ಬಂದ.

ಗೆದ್ದವನಿಗೂ ಒಂದು ಕರ್ತವ್ಯವಿದೆ. 2025ರ ಜೂನ್ 1ರಂದು ನಾರ್ವೆಯಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಗೆಲ್ಲುವ ಸ್ಥಿತಿಯಲ್ಲಿದ್ದ ಆಟವನ್ನು ನಮ್ಮ ಗುಕೇಶನಿಗೆ ಸೋತ. ಸೋಲೊಪ್ಪುವಾಗ ಮೇಜಿಗೆ ಮುಷ್ಟಿಯಿಂದ ಗುದ್ದಿದ, ಕಾಯಿಗಳು ಚೆದುರಿಬಿದ್ದವು. ಕೂಡಲೇ ಕ್ಷಮೆ ಕೇಳಿದ, ಹೋಗುವಾಗ ಹುಡುಗನ ಬೆನ್ನು ತಟ್ಟಿದ. ಹತ್ತೊಂಬತ್ತರ ಗುಕೇಶ ಕುಣಿಯಲಿಲ್ಲ. ತಾನೂ ಎಷ್ಟೋ ಮೇಜುಗಳಿಗೆ ಗುದ್ದಿದ್ದೇನೆ ಎಂಬರ್ಥದ ಮಾತು ಹೇಳಿ ಸೋತವನ ಮುಜುಗರವನ್ನು ಹಂಚಿಕೊಂಡ.

ಈಗ ನನ್ನ ತೊಡಕು. ನನ್ನ ತಮ್ಮನ ಎಡಹುಬ್ಬಿನ ಮೇಲೆ ಒಂದು ಗಾಯದ ಗೆರೆಯಿದೆ. ನನಗೆ ಹದಿಮೂರು, ಅವನಿಗೆ ಹತ್ತು. ಮನೆಯ ಪಡಸಾಲೆಯಲ್ಲಿ ಕೇರಂ ಆಡುತ್ತಿದ್ದೆವು. ಸತತವಾಗಿ ಸೋಲುತ್ತಿದ್ದ ನಾನು, ಅವನು ರೆಡ್ ಹಾಕಿ ಆಟ ಮುಗಿಸಿದ ಕ್ಷಣ ಸ್ಟ್ರೈಕರನ್ನು ಅವನತ್ತ ಬೀಸಿದೆ. ಅಬ್ಬಾ ಹೊಲಿಗೆ ಮಷೀನು ಬಿಟ್ಟು ಎದ್ದುಬಂದು ಅವನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಮೂರು ಹೊಲಿಗೆ ಬಿತ್ತು. ರಾತ್ರಿ ಬಂದವರು ನನಗೆ ಹೊಡೆಯಲಿಲ್ಲ. ಬೋರ್ಡು ಹಾಸಿ, ಕಾಯಿನ್‌ಗಳನ್ನು ಜೋಡಿಸು ಎಂದರು. ಜೋಡಿಸಿದೆ. ಇವತ್ತಿಗೆ ಇಷ್ಟೇ, ಎತ್ತಿಡು ಎಂದರು. ಹೀಗೆ ಒಂದು ವಾರ ದಿನವೂ ನಾನು ಜೋಡಿಸಬೇಕು, ತಮ್ಮ ಮತ್ತು ಪಕ್ಕದ ಮನೆಯ ಹುಡುಗರು ಆಡಬೇಕು, ನಾನು ನೋಡಬೇಕು. ಎಂಟನೆಯ ದಿನ ತಮ್ಮನೇ ಸ್ಟ್ರೈಕರನ್ನು ನನ್ನ ಕಡೆ ತಳ್ಳಿ, "ಭಾಯಿ, ನೀನು ಹೊಡಿ" ಎಂದ.

ಒಡೆದ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹುಡುಗನಿಗೆ ನಾನು ಇದನ್ನು ಹೇಳಿದೆ. ಅವನು ಬೆಚ್ಚಿ ನನ್ನ ಮುಖ ನೋಡಿದ. "ಅಬ್ಬಾ ಸೈಕಲ್ಲಿಂದ ಬಿದ್ದೆ ಅಂತ ಹೇಳಿದ್ರು," ಎಂದ. ಮೂವತ್ತು ವರ್ಷಕ್ಕೂ ಮಿಕ್ಕಿ ನನ್ನ ತಮ್ಮ ತನ್ನ ಹೆಂಡತಿ ಮಕ್ಕಳೆದುರು ನನ್ನ ಮಾನ ಕಾಪಾಡಿಕೊಂಡು ಬಂದದ್ದು ನನಗೆ ತಿಳಿದದ್ದು ಆಗಲೇ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಮರುದಿನ ಜುಮಾ ನಮಾಜಿನ ನಂತರ ಹುಡುಗ ನನ್ನ ಮೊಬೈಲಿನಿಂದ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತಾನೇ ಎಲ್ಲ ಹೇಳಿದ. ಆಮೇಲೆ ನಾನು ಸ್ಟ್ರೈಕರಿನ ವಿಷಯ ಹೇಳಿದೆ. ತಮ್ಮ ಹುಬ್ಬು ಮುಟ್ಟಿಕೊಂಡು ನಕ್ಕ. "ಗಾಜು ಹಾಕಿಸೋಣ ಬಿಡು. ಆದರೆ ಭಾಯಿ, ಆ ರೆಡ್ ಮಾತ್ರ ನ್ಯಾಯವಾಗಿ ನನ್ನದೇ ಆಗಿತ್ತು," ಎಂದ.

ಹೌದು, ಅವನದೇ ಆಗಿತ್ತು. ಒಪ್ಪಿಕೊಂಡೆ. ಸಂಜೆ ಅಟ್ಟದಿಂದ ಹಳೆಯ ಬೋರ್ಡು ಇಳಿಸಿ ಧೂಳು ಒರೆಸಿದೆವು. ಕಾಯಿನ್‌ಗಳನ್ನು ಹುಡುಗನೇ ಜೋಡಿಸಿದ.